ವರ ಕೊಡುವ ವಾಕ್ಯ

ವರ ಬೇಡುವವನು ಮಾತಿನಲ್ಲಿ ಎಚ್ಚರ ತಪ್ಪಬಾರದು ಎಂಬುದು ನಮ್ಮ ಪುರಾಣಗಳು ಮತ್ತೆ ಮತ್ತೆ ಹೇಳುವ ನೀತಿ. ಕುಂಭಕರ್ಣನು ಇಂದ್ರಪದವಿಯನ್ನು ಬೇಡಹೋಗಿ, ನಾಲಗೆ ತೊಡರಿ, ನಿದ್ರೆಯನ್ನು ಪಡೆದನೆಂದು ಕಥೆ. ಒಳಗೂ ಹೊರಗೂ, ಹಗಲೂ ಇರುಳೂ, ಮನುಷ್ಯನಿಂದಲೂ ಮೃಗದಿಂದಲೂ ತನಗೆ ಸಾವು ಬಾರದಿರಲೆಂದು ಹಿರಣ್ಯಕಶಿಪುವು ವಕೀಲನ ಜಾಣತನದಿಂದ ಕೇಳಿಕೊಂಡರೂ, ಶಬ್ದಗಳ ನಡುವೆ ಉಳಿದ ಸಂದಿನಲ್ಲಿ ನರಸಿಂಹನು ಬಂದೇ ಬಂದ. ಎರಡು ಕಥೆಗಳಲ್ಲಿಯೂ ವರ ಕೊಟ್ಟವನು ಮಾತಿಗೆ ತಪ್ಪಲಿಲ್ಲ. ಕೊರತೆ ಇದ್ದದ್ದು ಬೇಡಿದವನ ವಾಕ್ಯದಲ್ಲಿ. ಇಂದಿನ ವಿಡಿಯೊ ಗೇಮುಗಳಲ್ಲಿ ಸ್ಥಿತಿ ತಿರುವುಮುರುವಾಗಿದೆ. ಅಲ್ಲಿ ವರದ ವಾಕ್ಯವನ್ನು ಬರೆಯುವವನು ಕೊಡುವವನೇ. ಆಡುವವನು ಅದನ್ನು ಓದಿ ಆರಿಸಿಕೊಳ್ಳುತ್ತಾನೆ, ಅಷ್ಟೆ. ಆದುದರಿಂದ ಸ್ಪಷ್ಟತೆಯ ಹೊಣೆಯೂ ಬರೆದವನದೇ ಆಗಬೇಕಷ್ಟೆ.

ಈ ಆಟಗಳ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತು. ಆಟಗಾರನ ಪಾತ್ರವು ಅನುಭವ ಗಳಿಸಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಏರಿದಂತೆ ಅದಕ್ಕೆ 'ಸ್ಕಿಲ್' ಎಂಬ ಕೌಶಲಗಳೂ 'ಪರ್ಕ್' ಎಂಬ ವಿಶೇಷ ಅನುಕೂಲಗಳೂ ದೊರೆಯುತ್ತವೆ. ಹತ್ತಾರು ವರಗಳ ಪಟ್ಟಿ ಎದುರಿಗಿರುತ್ತದೆ. ಪ್ರತಿಯೊಂದರ ಕೆಳಗೂ ಒಂದೆರಡು ವಾಕ್ಯಗಳ ವಿವರಣೆ. 1997ರ 'ಫಾಲ್‌ಔಟ್' ಆಟದಲ್ಲಿ ಸಾಮಾನ್ಯವಾಗಿ ಮೂರು ಮೆಟ್ಟಿಲಿಗೊಮ್ಮೆ ಒಂದು ಪರ್ಕ್ ಸಿಗುತ್ತಿತ್ತು. ಅವುಗಳಲ್ಲಿ ಒಂದರ ಹೆಸರು 'ಅವೇರ್‌ನೆಸ್', ಅಂದರೆ ಅರಿವು. ಅದನ್ನು ಪಡೆದವನಿಗೆ ಎದುರಾಳಿಯಲ್ಲಿ ಉಳಿದಿರುವ ಪ್ರಾಣಶಕ್ತಿ ಎಷ್ಟು, ಅವನ ಕೈಯಲ್ಲಿರುವ ಆಯುಧ ಯಾವುದು ಎಂಬುದು ಖಚಿತವಾಗಿ ತಿಳಿಯುತ್ತದೆ. ಸ್ಪಷ್ಟವಾಗಿ ತಿಳಿಯುವುದೇ ಒಂದು ವರ ಎಂದು ಆಟವೇ ಒಪ್ಪಿಕೊಂಡಂತಾಯಿತು!

ಕನ್ನಡ ಅಧ್ಯಾಪಕನಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಪಠ್ಯಪುಸ್ತಕದ ಗದ್ಯಭಾಗಕ್ಕೆ ಕೊಡದಷ್ಟು ಗಮನವನ್ನು ಈ ಪುಟ್ಟ ವಿವರಣೆಗಳಿಗೆ ಕೊಡುವುದನ್ನು ನಾನು ಬಲ್ಲೆ. ಒಂದೊಂದು ಶಬ್ದವನ್ನೂ ತೂಗಿ ನೋಡುತ್ತಾರೆ, ಪಕ್ಕದವನೊಡನೆ ವಾದ ಮಾಡುತ್ತಾರೆ. ಇಷ್ಟು ಶ್ರದ್ಧೆಯಿಂದ ಓದಿಸಿಕೊಳ್ಳುವ ಗದ್ಯವು ವಿಮರ್ಶೆಗೆ ಅರ್ಹವಲ್ಲದೆ ಹೋದೀತೆ?

ವ್ಯಾಕರಣದಿಂದಲೇ ಪ್ರಾರಂಭಿಸೋಣ. ಇಂಥ ಆಟಗಳಲ್ಲಿ ಹಲವಕ್ಕೆ ಹಿರಿಯಣ್ಣನಂತಿರುವುದು 1993ರಲ್ಲಿ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರಚಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಕಾರ್ಡಿನಾಟ. ಅದನ್ನು ಇನ್ನೂ ಪರೀಕ್ಷಿಸುತ್ತಿದ್ದ ದಿನಗಳಲ್ಲಿ, ಎದುರಾಳಿಗೆ ಒಂದು ಸರದಿ ತಪ್ಪಿಸುವ ಕಾರ್ಡೊಂದಿತ್ತು. ಅದರ ಮೇಲಿದ್ದ ಇಂಗ್ಲಿಷ್ ವಾಕ್ಯವನ್ನು ಓದಿದ ಆಟಗಾರನೊಬ್ಬ, ಮುಂದಿನ ಸರದಿಯಲ್ಲಿ ಎದುರಾಳಿ ಸೋತೇಹೋಗುತ್ತಾನೆಂದು ತಿಳಿದು ಹಿಗ್ಗಿದನಂತೆ. ಇಂಗ್ಲಿಷಿನ 'ಲೂಸ್' ಎಂಬ ಒಂದೇ ಕ್ರಿಯಾಪದಕ್ಕೆ ಕಳೆದುಕೊಳ್ಳು ಎಂದೂ ಅರ್ಥ, ಸೋಲು ಎಂದೂ ಅರ್ಥ. ಅಲ್ಲದೆ ಅಲ್ಲಿ 'ಮುಂದಿನ ಸರದಿ' ಎಂಬುದು ಕರ್ಮವೋ ಕಾಲವೋ ಎಂದು ತೋರಿಸುವ ಪ್ರತ್ಯಯವಿಲ್ಲ. ಕನ್ನಡದಲ್ಲಿ 'ಸರದಿಯನ್ನು ಕಳೆದುಕೊಳ್ಳುತ್ತಾನೆ' ಎಂದರೆ ದ್ವಿತೀಯೆ, 'ಸರದಿಯಲ್ಲಿ ಸೋಲುತ್ತಾನೆ' ಎಂದರೆ ಸಪ್ತಮಿ; ಗೊಂದಲಕ್ಕೆ ಎಡೆಯೇ ಇಲ್ಲ. ಆಟ ಅಚ್ಚಾಗುವ ಹೊತ್ತಿಗೆ ಆ ಕಾರ್ಡು 'ಟೈಮ್ ವಾಕ್' ಎಂಬ ಹೆಸರನ್ನು ಪಡೆದು, ಆಡುವವನಿಗೆ ಒಂದು ಸರದಿ ಹೆಚ್ಚಾಗಿ ಸಿಗುತ್ತದೆ ಎಂಬ ನೇರವಾದ ಮಾತಿಗೆ ಬಂತು. ಫಲ ಹೆಚ್ಚುಕಡಮೆ ಅದೇ. ವಾಕ್ಯ ಮಾತ್ರ ನೆಟ್ಟಗಾಯಿತು.

ಎರಡನೆಯ ತೊಡಕು ಶೇಕಡಾ ಲೆಕ್ಕದ್ದು. ಮರ್ಮಾಘಾತ ತಗಲುವ ಸಾಧ್ಯತೆ ನೂರಕ್ಕೆ 5 ಇದೆ ಎನ್ನೋಣ. ಅದು 'ಶೇಕಡಾ 10ರಷ್ಟು ಹೆಚ್ಚುತ್ತದೆ' ಎಂದರೆ 15 ಆಯಿತೋ, ಐದರ ಹತ್ತನೆಯ ಒಂದು ಪಾಲು ಸೇರಿ 5.5 ಆಯಿತೋ? ಎರಡಕ್ಕೂ ಅಜಗಜಾಂತರ. ನ್ಯೂಜಿಲೆಂಡಿನಲ್ಲಿ ತಯಾರಾಗಿ 2013ರಲ್ಲಿ ಬಿಡುಗಡೆಯಾದ 'ಪಾತ್ ಆಫ್ ಎಕ್ಸೈಲ್' ಇದಕ್ಕೊಂದು ಕಟ್ಟುನಿಟ್ಟಾದ ಪರಿಭಾಷೆಯನ್ನು ಮಾಡಿಕೊಂಡಿದೆ. ಅಲ್ಲಿ 'ಇನ್‌ಕ್ರೀಸ್ಡ್' ಎಂದಿದ್ದರೆ ಅಂಥವನ್ನೆಲ್ಲ ಮೊದಲು ಕೂಡಬೇಕು. 'ಮೋರ್' ಎಂದಿದ್ದರೆ ಒಂದಾದ ಮೇಲೊಂದರಂತೆ ಗುಣಿಸಬೇಕು. ನೂರರ ಏಟಿಗೆ ಮೊದಲನೆಯ ಬಗೆಯ ಶೇಕಡಾ 50 ಎರಡು ಸಲ ಸೇರಿದರೆ 200. ಎರಡನೆಯ ಬಗೆಯದಾದರೆ 225. ನಿಯಮದಲ್ಲಿ ಲೋಪವಿಲ್ಲ, ಒಪ್ಪಿದೆ. ಆದರೆ ಲೋಕರೂಢಿಯಲ್ಲಿ ಒಂದೇ ಅರ್ಥ ಕೊಡುವ ಎರಡು ಸಾಮಾನ್ಯ ಶಬ್ದಗಳಿಗೆ ಎರಡು ಗುಟ್ಟಿನ ಅರ್ಥಗಳನ್ನು ತುಂಬಿದರೆ, ಹೊಸಬನಿಗೆ ಅಲ್ಲೊಂದು ಪರಿಭಾಷೆ ಇದೆ ಎಂಬ ಸುಳಿವೇ ಸಿಗುವುದಿಲ್ಲ. ಶಾಸ್ತ್ರಕಾರನು ಪಾರಿಭಾಷಿಕ ಪದವನ್ನು ಬಳಸಲಿ. ಆದರೆ ಅದು ಪಾರಿಭಾಷಿಕವೆಂದು ಕಾಣುವಂತೆ ಬಳಸಲಿ.

ಇನ್ನು ಕಾವ್ಯಪಕ್ಷದವರ ವಾದವನ್ನು ಕೇಳಬೇಕು. ಎಲ್ಲವನ್ನೂ ಅಂಕೆಗಳಲ್ಲಿ ಬಿಚ್ಚಿಟ್ಟರೆ ಬೆರಗು ಎಲ್ಲಿ ಉಳಿಯಿತು ಎನ್ನುತ್ತಾರೆ ಅವರು. ಈ ಪಕ್ಷದ ಬಲವಾದ ಸಾಕ್ಷಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ 'ಡಾರ್ಕ್ ಸೋಲ್ಸ್' (2011). ಅದರ ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ, ಬಾಲ್ಯದಲ್ಲಿ ತನಗೆ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತ ತಿಳಿಯದ ಭಾಗಗಳನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದುದಾಗಿ ಹೇಳಿದ್ದಾರೆ. ಅವರ ಆಟದಲ್ಲಿ ಒಂದು ಉಂಗುರದ, ಒಂದು ಮುರುಕು ಕತ್ತಿಯ ವಿವರಣೆಯಿಂದಲೇ ಅಳಿದುಹೋದ ರಾಜ್ಯವೊಂದರ ಚರಿತ್ರೆ ಮಿನುಗುತ್ತದೆ. ಇದು ನಿಜವಾದ ಧ್ವನಿ. ನಾನು ಮನಸಾರೆ ಮೆಚ್ಚಿದ್ದೇನೆ.

ಆದರೆ ಅದೇ ಮನೆಯ 'ಡಾರ್ಕ್ ಸೋಲ್ಸ್ 2' (2014) ಆಟದಲ್ಲಿ 'ಅಡಾಪ್ಟಬಿಲಿಟಿ' ಎಂಬ ಗುಣವೊಂದಿದೆ. ಉರುಳಿ ತಪ್ಪಿಸಿಕೊಳ್ಳುವಾಗ ಏಟು ತಾಕದೆ ಉಳಿಯುವ ಕ್ಷಣ ಎಷ್ಟು ದೀರ್ಘ, ಪ್ರಾಣರಸವನ್ನು ಎಷ್ಟು ಬೇಗ ಕುಡಿಯಬಹುದು ಎಂಬುದೆಲ್ಲ ಅದನ್ನೇ ಅವಲಂಬಿಸಿದೆ. ಸಾವುಬದುಕಿನ ಈ ಸಂಗತಿಯನ್ನು ಆಟವು, ತಪ್ಪಿಸಿಕೊಳ್ಳುವುದು ಸುಲಭವಾದೀತು ಎಂಬ ಧಾಟಿಯಲ್ಲಿ ತೇಲಿಸಿ ಹೇಳುತ್ತದೆ. ಎಷ್ಟು ಸುಲಭ, ಯಾವ ರೀತಿಯಲ್ಲಿ ಎಂಬುದಿಲ್ಲ. ಇದು ಧ್ವನಿಯಲ್ಲ, ಬರಿಯ ಮಸಕು. ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಶಬ್ದವ್ಯಾಪಾರವನ್ನು ವಿಂಗಡಿಸಿದ ನಮ್ಮ ಆಲಂಕಾರಿಕರು ವ್ಯಂಗ್ಯಾರ್ಥಕ್ಕೆ ಹಿರಿಯ ಸ್ಥಾನ ಕೊಟ್ಟರೇನೋ ನಿಜ. ವಾಚ್ಯಾರ್ಥವನ್ನು ಕೆಡಿಸಿ ಅದನ್ನು ಪಡೆಯಬಹುದೆಂದು ಅವರು ಹೇಳಲಿಲ್ಲ. ಕತ್ತಿಯ ಚರಿತ್ರೆಯನ್ನು ಸೂಚಿಸಿ ಬಿಡಿ, ಸಂತೋಷ. ಕತ್ತಿಯ ಏಟನ್ನು ಮಾತ್ರ ಹೇಳಿಬಿಡಿ.

ಸ್ಪಷ್ಟತೆಯಿಂದ ರಸಭಂಗವಾಗುವುದಿಲ್ಲ ಎಂಬುದಕ್ಕೆ 2019ರಲ್ಲಿ ಪೂರ್ಣರೂಪದಲ್ಲಿ ಬಂದ 'ಸ್ಲೇ ದಿ ಸ್ಪೈರ್' ಒಳ್ಳೆಯ ನಿದರ್ಶನ. ಅದರ ಮೊದಲ ಕಾರ್ಡು ಆರರ ಏಟು ಕೊಡುತ್ತದೆ. ಹಾಗೆಂದೇ ಅದರ ಮೇಲೆ ಬರೆದಿದೆ. 'ವಲ್ನರಬಲ್' ಎಂಬ ಪಾರಿಭಾಷಿಕ ಪದದ ಅರ್ಥ ಅಲ್ಲೇ ಪಕ್ಕದಲ್ಲಿ ತೆರೆಯುತ್ತದೆ: ಆ ಸ್ಥಿತಿಯಲ್ಲಿರುವವನಿಗೆ ಬೀಳುವ ಏಟು ಅರ್ಧದಷ್ಟು ಹೆಚ್ಚು. ಅಂಥವನ ಮೇಲೆ ಕಾರ್ಡನ್ನು ಹಿಡಿದರೆ ಆರು ಎಂಬ ಅಂಕೆ ತಾನಾಗಿಯೇ ಒಂಬತ್ತಾಗುತ್ತದೆ. ಎದುರಾಳಿ ಮುಂದೇನು ಮಾಡಲಿದ್ದಾನೆ ಎಂಬುದೂ ಅವನ ತಲೆಯ ಮೇಲೆಯೇ ಕಾಣುತ್ತದೆ. ಇಷ್ಟಾದರೂ ಆಟ ಸುಲಭವಲ್ಲ, ಬಹಳ ಕಠಿಣ. ಕಷ್ಟವಿರುವುದು ಆಯ್ಕೆಯಲ್ಲಿಯೇ ಹೊರತು ಓದಿನಲ್ಲಿ ಅಲ್ಲ. ಚದುರಂಗದಲ್ಲಿ ಕುದುರೆಯ ನಡೆ ಎಲ್ಲರಿಗೂ ಗೊತ್ತು. ಅದರಿಂದ ಆಟದ ಸ್ವಾರಸ್ಯ ಏನು ಕಡಮೆಯಾಗಿದೆ?

ನಮ್ಮ ಹುಡುಗರು ಈ ವಿವರಣೆಗಳನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಓದುತ್ತಾರೆ. ಇಂಗ್ಲಿಷು ಮನೆಮಾತಾದವನನ್ನೇ ತಡವರಿಸುವ ವಾಕ್ಯ ಇವರನ್ನು ಇನ್ನಷ್ಟು ತಡವರಿಸುತ್ತದೆ. ಅರ್ಥವಾಗದಿದ್ದಾಗ, ಕಂಪೆನಿಯವರ ಮಾತು ಮಸಕಾಗಿರುವುದೇ ಸಹಜ, ನಿಜವಾದ ಲೆಕ್ಕವನ್ನು ಬೇರೆಲ್ಲೋ ಕೇಳಿ ತಿಳಿಯಬೇಕು ಎಂಬ ಅಭ್ಯಾಸ ಬೆಳೆಯುತ್ತದೆ. ನಾಳೆ ಇದೇ ಹುಡುಗರು ಸಾಲದ ಪತ್ರಕ್ಕೆ, ವಿಮೆಯ ಕರಾರಿಗೆ ರುಜು ಹಾಕುವವರು. ಬಡ್ಡಿ 'ಶೇಕಡಾ 1 ಏರಿಕೆ' ಎಂದಾಗ, ಯಾವುದರ ಮೇಲೆ ಎಂದು ಕೇಳುವ ದಿಟ್ಟತನ ಅವರಿಗೆ ಬೇಕು.

ಏನು ಆಗುತ್ತದೆ, ಎಷ್ಟು ಆಗುತ್ತದೆ, ಎಷ್ಟು ಹೊತ್ತು ಆಗುತ್ತದೆ: ಈ ಮೂರನ್ನು ಹೇಳಿದ ಮೇಲೆ ಬರೆಯುವವನು ಎಷ್ಟು ಬೇಕಾದರೂ ಕವಿಯಾಗಲಿ. ಅದಕ್ಕೆ ಮೊದಲು ಮಾತ್ರ ಬೇಡ.