ಮರ್ಸಿಯೆ ಕಂಡ ಪ್ಯಾರಿಸು
ಮಹಾಕ್ರಾಂತಿಗೆ ಪೂರ್ವದಲ್ಲಿ ಪ್ಯಾರಿಸಿನ ಜನರು ದಿನವನ್ನು ಹೇಗೆ ಕಳೆಯುತ್ತಿದ್ದರೆಂಬುದನ್ನು ತಿಳಿಯಬಯಸುವವರು ಲೂಯಿ ಸೆಬಾಸ್ಟಿಯನ್ ಮರ್ಸಿಯೆಯ ‘ತಾಬ್ಲೋ ದ ಪಾರಿ’ ಎಂಬ ಗ್ರಂಥವನ್ನು ನೋಡದೆ ವಿಧಿಯಿಲ್ಲ. 1781ರಲ್ಲಿ ಕರ್ತೃವಿನ ಹೆಸರಿಲ್ಲದೆ ಎರಡು ಸಂಪುಟಗಳಾಗಿ ಹೊರಟ ಇದು 1788ರ ವೇಳೆಗೆ 12 ಸಂಪುಟಗಳಾಗಿ ಬೆಳೆಯಿತು.

ಇದರಲ್ಲಿ ಅತ್ಯುತ್ತಮವಾದುದು ದಿನದ ಹೊತ್ತುಗಳನ್ನು ವರ್ಣಿಸುವ ಅಧ್ಯಾಯ. ನಡುರಾತ್ರಿ ಕಳೆದು ಒಂದು ಗಂಟೆಗೆ ತರಕಾರಿ, ಹಣ್ಣು, ಹೂಗಳೊಡನೆ 6,000 ಮಂದಿ ರೈತರು ಪಟ್ಟಣವನ್ನು ಹೊಗುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಕ್ಷೌರಿಕರು ಅಡಿಯಿಂದ ಮುಡಿಯವರೆಗೆ ಪುಡಿ ಮೆತ್ತಿಕೊಂಡು, ಕೈಯಲ್ಲಿ ಕೃತಕ ಕೇಶವನ್ನು ಹಿಡಿದು ಓಡುತ್ತಾರೆ. ಒಂದು ಮೀನಿನ ಹೆಸರೇ ಅವರಿಗೆ ಅಡ್ಡಹೆಸರು. ಆ 6,000ವನ್ನು ಎಣಿಸಿದವರು ಯಾರೆಂದು ಕೇಳಬಾರದು; ಮರ್ಸಿಯೆಗೆ ಸಂಖ್ಯೆಯೂ ಒಂದು ಅಲಂಕಾರವೇ. ಆದರೆ ಪುಡಿಯನ್ನು ಅವನು ಕಣ್ಣಾರೆ ಕಂಡವನು.

ಕ್ರಾಂತಿಯಾದ ಮೇಲೆ, ತಾನೇ ಅದರ ನಿಜವಾದ ಪ್ರವಾದಿಯೆಂದು ಅವನು ಹೇಳಿಕೊಂಡನು. ಆ ಮಾತನ್ನು ನಂಬಿ ಈ ಗ್ರಂಥದ ಪುಟಪುಟದಲ್ಲಿಯೂ 1789ನ್ನು ಹುಡುಕುವುದು ತಪ್ಪು. ಪ್ಯಾರಿಸಿನಲ್ಲಿ ಗಲಭೆಯು ದಂಗೆಯಾಗಿ ಬೆಳೆಯುವುದು ಅಸಾಧ್ಯವೆಂದು ಅವನು ಇಲ್ಲಿಯೇ ಬರೆದಿದ್ದಾನಷ್ಟೆ! ನಮ್ಮ ಅಭಿಪ್ರಾಯದಲ್ಲಿ ಗ್ರಂಥದ ಬೆಲೆಯಿರುವುದು ಈ ಅರಿಯದಿರುವಿಕೆಯಲ್ಲಿಯೇ. ಇಲ್ಲಿನ ನೀರು ಹೊರುವವನೂ ಕ್ಷೌರಿಕನೂ ಯಾವ ಮಹಾಘಟನೆಗೂ ಪೀಠಿಕೆಯಾಗದೆ ತಮ್ಮ ತಮ್ಮ ಕೆಲಸದ ಮೇಲೆ ಹೋಗುತ್ತಿದ್ದಾರೆ.