ಗೋಡುಮಣ್ಣಿನ ಸೊಗಸು

ಕೆರೆಯ ತಳದ ಮಣ್ಣನ್ನು ಕಂಡು ಹಿಗ್ಗುವವರು ನಮ್ಮ ಕಡೆ ಹಿಂದಿನಿಂದಲೂ ಇದ್ದಾರೆ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಹುಣಸೂರು, ಪಿರಿಯಾಪಟ್ಟಣದ ರೈತರು ಹೊಲಕ್ಕೆ ಗೋಡು ಹೊಡೆಸುತ್ತಾರೆ. ಒಂದು ಹೆಂಟೆ ಎತ್ತಿ, ಮುರಿದು, ಮೂಸಿ, ‘ಒಳ್ಳೇ ಗೋಡು ಕಣ್ಲಾ’ ಎನ್ನುವ ಹಿರಿಯರ ಮುಖದಲ್ಲಿ ಹೊಸ ಬೆಲ್ಲದ ಅಚ್ಚು ಮುರಿದು ನೋಡಿದವರ ತೃಪ್ತಿ ಇರುತ್ತದೆ. ವಿಜ್ಞಾನಿಗಳು ಅದೇ ಮಣ್ಣನ್ನು ಸವಿಯುವ ಬಗೆ ಬೇರೆ. ಆದರೆ ಅದೂ ಸವಿಯೇ.

ವೀರನಹೊಸಹಳ್ಳಿಯಲ್ಲಿ ನಾಗರಹೊಳೆ ಕಾಡಿನ ಗೇಟು ಇದೆ. ಸಫಾರಿಗೆ ಬಂದವರು ಹುಲಿ ನೀರಿಗಿಳಿಯಬಹುದೆಂದು ಕೆರೆ ದಡದಲ್ಲಿ ಉಸಿರು ಬಿಗಿಹಿಡಿದು ಕೂರುತ್ತಾರೆ. ನೀರಿನಡಿಯ ಕೆಸರಿನ ಗೊಡವೆ ಯಾರಿಗೂ ಇಲ್ಲ. ನನಗಂತೂ ಹುಲಿಗಿಂತ ಆ ಕೆಸರಿನದೇ ಆಸೆ. ಗೇಟಿನ ಒಳಗೆ ಕಾಡು, ಹೊರಗೆ ಹೊಗೆಸೊಪ್ಪಿನ ಹೊಲ. ಒಳಗಿನ ಕೆರೆಗೂ ಹೊರಗಿನ ಕೆರೆಗೂ ಮಳೆ ಒಂದೇ, ಗಾಳಿ ಒಂದೇ. ಹೊಲದ ಗೊಬ್ಬರ, ಔಷಧಿ, ಊರಿನ ಕೊಚ್ಚೆ ಹರಿದು ಸೇರುವುದು ಮಾತ್ರ ಹೊರಗಿನದಕ್ಕೆ. ಎರಡರ ತಳವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗಾಳಿ ತಂದದ್ದು ಯಾವುದು, ನೀರು ತಂದದ್ದು ಯಾವುದು ಎಂದು ಬೇರ್ಪಡಿಸಬಹುದು. ಕೆಸರಿನ ಪದರಗಳಲ್ಲಿ ಮಾಲಿನ್ಯದ ಚರಿತ್ರೆ ಓದುವವರಿಗೆ ಇಂಥ ಜೋಡಿ ಸಿಗುವುದು ಅಪರೂಪ.

ಓದುವ ಕ್ರಮ ಸರಳ. ಕೆರೆಯ ಅತಿ ಆಳದ ಜಾಗದಲ್ಲಿ ಒಂದು ಕೊಳವೆಯನ್ನು ನೆಟ್ಟಗೆ ಇಳಿಸಿ, ಬಾಯಿ ಮುಚ್ಚಿ, ಮೇಲೆತ್ತುವುದು. ಉದ್ದಕ್ಕೆ ಸೀಳಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಮಣ್ಣಿನ ಬಣ್ಣ, ಗಾಳಿಯಾಡದ ಕಡೆ ಗಂಧಕವೂ ಕಬ್ಬಿಣವೂ ಕೂಡಿ ಕಟ್ಟಿಕೊಂಡ ಕಡುಗಪ್ಪು. ಆ ಕಪ್ಪು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೋಡನೋಡುತ್ತಲೇ ಗಾಳಿ ತಾಗಿದ ಮೈ ಬೂದಾಗಿ, ಆಮೇಲೆ ಕಂದಾಗುತ್ತದೆ. ಆದ್ದರಿಂದ ಸೀಳಿದ ತಕ್ಷಣ ಫೋಟೊ ತೆಗೆಯಬೇಕು. ನಡುನಡುವೆ ಮರಳಿನ ಒಂದು ಗೆರೆ ಕಂಡರೆ ಯಾವುದೋ ವರ್ಷದ ಜಡಿಮಳೆಗೆ ಕೊಚ್ಚಿ ಬಂದದ್ದೆಂದು ತಿಳಿಯಬಹುದು.

ಪದರಕ್ಕೆ ವಯಸ್ಸು ಕಟ್ಟುವ ಉಪಾಯ ಇನ್ನೂ ಚೆಂದ. ನೆಲದಿಂದ ಹೊರಡುವ ರೇಡಾನ್ ಅನಿಲ ಗಾಳಿಯಲ್ಲಿ ಕ್ಷಯಿಸುತ್ತಾ ಸೀಸ-210 ಆಗಿ, ಮಳೆಯೊಡನೆ ಇಳಿದು ಕೆಸರು ಸೇರುತ್ತದೆ. ಅಲ್ಲಿ ಅದು ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ನೂರು, ನೂರೈವತ್ತು ವರ್ಷದ ಲೆಕ್ಕ ಸಿಗುತ್ತದೆ. ನಮ್ಮ ಕಾರ್ಖಾನೆಗಳ ವಯಸ್ಸೂ ಹೆಚ್ಚುಕಮ್ಮಿ ಅಷ್ಟೇ ಅಲ್ಲವೇ! ಕೆರೆಯ ಕೆಸರಿಗೆ ಈ ಗಡಿಯಾರ ಹೊಂದುತ್ತದೆಂದು 1971ರಲ್ಲಿ ತೋರಿಸಿಕೊಟ್ಟವರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣಸ್ವಾಮಿ ಮತ್ತು ದೇವೇಂದ್ರ ಲಾಲ್ ಇದ್ದರು. ಲೋಕವೆಲ್ಲ ಇಂದು ಬಳಸುವ ಈ ವಿದ್ಯೆಯಲ್ಲಿ ನಮ್ಮವರ ಕೈ ಇದೆಯೆಂದು ಶಾಲೆಯಲ್ಲಿ ಯಾರೂ ನಮಗೆ ಹೇಳಿಕೊಡಲಿಲ್ಲ. ಈ ಲೆಕ್ಕವನ್ನು ತಾಳೆ ನೋಡಲು ಸೀಸಿಯಂ-137 ಇದೆ. ಬಯಲಲ್ಲಿ ಸಿಡಿಸಿದ ಅಣುಬಾಂಬುಗಳ ಧೂಳು ಅದು. 1963ರ ಸುಮಾರಿನ ಪದರದಲ್ಲಿ ಅತಿ ಹೆಚ್ಚು.

ಇನ್ನು ಹುಣಸೂರಿಗೆ ಬರೋಣ. 19ನೇ ಶತಮಾನದಲ್ಲಿ ಇಲ್ಲಿ ಸರ್ಕಾರದ್ದೇ ಚರ್ಮ ಹದ ಮಾಡುವ ಕಾರ್ಖಾನೆ ಇತ್ತು, ಕಂಬಳಿ ಕಾರ್ಖಾನೆ ಇತ್ತು. ಅಮೃತಮಹಲ್ ದನಗಳ ಮುಖ್ಯ ಠಾಣ್ಯವೂ ಇದೇ ಆಗಿತ್ತು. ಚರ್ಮದ ಕಾರ್ಖಾನೆ ಎಂದೊಡನೆ ಇಂದಿನವರು ಕ್ರೋಮಿಯಂ ಹುಡುಕುತ್ತಾರೆ. ಆ ಕಾಲದ ಪದರದಲ್ಲಿ ಹಾಗೆ ಹುಡುಕಿದರೆ ಮೋಸ ಹೋಗಬೇಕಾದೀತು. ಆಗ ದಕ್ಷಿಣದಲ್ಲಿ ಚರ್ಮಕ್ಕೆ ಹದ ಕೊಡುತ್ತಿದ್ದದ್ದು ತಂಗಡಿಯಂಥ ಗಿಡಗಳ ತೊಗಟೆಯ ಒಗರು. ಕ್ರೋಮ್ ಹದವನ್ನು 20ನೇ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಬೆಳೆಸಿದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದದ್ದೂ ಅವರೇ. ಮೇಲಾಗಿ ಮೈಸೂರು ಸುತ್ತಿನ ಬಂಡೆಯಲ್ಲೇ ಕ್ರೋಮಿಯಂ ಇದೆ, ಸಿಂಧುವಳ್ಳಿಯಲ್ಲಿ ಅದರ ಗಣಿಯೇ ಇತ್ತು. ಹಾಗಾಗಿ ಅತ್ಯಂತ ಕೆಳಗಿನ, ಕಾರ್ಖಾನೆಗೆ ಮುಂಚಿನ ಪದರದಲ್ಲಿ ಎಷ್ಟಿದೆ ಎಂದು ಮೊದಲು ನೋಡಬೇಕು. ಅದು ನೆಲದ ಸ್ವಂತದ್ದು. ಅದರ ಮೇಲೆ ಕೂಡಿದ್ದನ್ನಷ್ಟೇ ನಮ್ಮ ಲೆಕ್ಕಕ್ಕೆ ಬರೆಯಬೇಕು.

ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳ ಕಥೆಯೂ ಹೀಗೇ ಸ್ವಾರಸ್ಯದ್ದು. ಸೊಪ್ಪು ಹದಗೊಳಿಸುವ ಕಾಲ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಹಗಲಿರುಳು ಸೌದೆ ಉರಿಯುತ್ತದೆ. ಸೌದೆಯ ಮಸಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಚೂಪು ಚೂರುಗಳು, ಅವುಗಳಲ್ಲಿ ಮರದ ಕೋಶಗಳ ಸಾಲು ಹಾಗೇ ಉಳಿದಿರುತ್ತದೆ. ಕಲ್ಲಿದ್ದಲು, ಫರ್ನೇಸ್ ಎಣ್ಣೆಗಳು ದೊಡ್ಡ ಕುಲುಮೆಯ ಕಡುಶಾಖದಲ್ಲಿ ಉರಿದರೆ ಹುಟ್ಟುವುದು ಬೇರೆ: ಕಪ್ಪನೆಯ ಪುಟ್ಟ ಗೋಲಿ, ಮೈತುಂಬ ತೂತು. ಪ್ರಕೃತಿಯಲ್ಲಿ ಅದಕ್ಕೆ ತವರಿಲ್ಲ. ವೀರನಹೊಸಹಳ್ಳಿಯ ಕಾಡಿನ ಕೆರೆಯಲ್ಲಿ ಅಂಥ ಒಂದು ಗೋಲಿ ಸಿಕ್ಕರೂ ಸಾಕು, ಯಾವುದೋ ಊರಿನ ಚಿಮಣಿ ಇಲ್ಲಿಯವರೆಗೂ ಉಸಿರು ಬಿಟ್ಟಿದೆ ಎಂದೇ ಅರ್ಥ. ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸವೂ ಇಂಥ ಸಾಕ್ಷಿಯೇ. 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ಆಮೇಲಿನ ಪದರಗಳಲ್ಲಿ ಸೀಸ ಇಳಿದಿದ್ದರೆ ಒಂದು ಕಾನೂನು ಫಲ ಕೊಟ್ಟದ್ದನ್ನು ಕೆಸರಿನಲ್ಲೇ ಕಾಣಬಹುದು.

ಎಲ್ಲ ಕೆರೆಯೂ ಒಳ್ಳೆಯ ಪುಸ್ತಕವಲ್ಲ. ಸ್ವೀಡನ್ನಿನ ಸರೋವರಗಳಲ್ಲಿ ರೋಮನ್ನರ ಕಾಲದ ಸೀಸವನ್ನೂ ಇಂಗೆಮಾರ್ ರೆನ್‌ಬರ್ಗ್ ಮತ್ತು ಸಂಗಡಿಗರು ಓದಿದ್ದಾರೆ. ಅಲ್ಲಿನ ಕೆಲವು ಸರೋವರಗಳಲ್ಲಿ ವರ್ಷಕ್ಕೊಂದು ಗೆರೆ ಮೂಡುತ್ತದೆ. ನಮ್ಮ ಕೆರೆಗೆ ಆ ಭಾಗ್ಯವಿಲ್ಲ. ಬೇಸಿಗೆಗೆ ಬಿರುಕು ಬಿಡುತ್ತದೆ, ಎಮ್ಮೆಗಳು ಹೊರಳಾಡುತ್ತವೆ, ಹುಳುಗಳು ತೋಡುತ್ತವೆ. ಹಾಗೆಂದು ಕೈಬಿಡಬೇಕಿಲ್ಲ. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಕೆಸರಿನಿಂದ ಮಂಗಳೂರು ವಿಶ್ವವಿದ್ಯಾಲಯದ ಆರ್. ಶಂಕರ್ ಮತ್ತು ಸಂಗಡಿಗರು 3,700 ವರ್ಷದ ಮಳೆಯ ಏರಿಳಿತ ಓದಿದರು. ಅವರು ಅಳೆದದ್ದು ಮಣ್ಣಿನ ಕಾಂತಗುಣವನ್ನು. ಕಾರ್ಖಾನೆಯ ಹಾರುಬೂದಿಯಲ್ಲೂ ಕಾಂತಕ್ಕೆ ಸ್ಪಂದಿಸುವ ಕಣಗಳಿರುವುದರಿಂದ ಅದೇ ಉಪಕರಣದಲ್ಲಿ ಮಾಲಿನ್ಯವನ್ನೂ ಹಿಡಿಯಬಹುದು.

ಹೂಳೆತ್ತುವುದಕ್ಕೆ ನನ್ನ ವಿರೋಧವಿಲ್ಲ. ಕೆರೆಗೆ ನೀರು ಬೇಕು, ಹೊಲಕ್ಕೆ ಗೋಡು ಬೇಕು. ಆದರೆ ಜೆಸಿಬಿ ಒಂದೇ ವಾರದಲ್ಲಿ ನೂರಾರು ವರ್ಷವನ್ನು ಟ್ರ್ಯಾಕ್ಟರಿಗೆ ತುಂಬಿಬಿಡುತ್ತದೆ, ಮತ್ತೆ ಜೋಡಿಸಲು ಬರುವುದಿಲ್ಲ. ಪಂಚಾಯಿತಿಯವರಲ್ಲಿ, ಕೆರೆ ಸಮಿತಿಯವರಲ್ಲಿ ಕೇಳಿಕೊಳ್ಳುವುದಿಷ್ಟೇ: ಯಂತ್ರ ಇಳಿಸುವ ಮುನ್ನ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗಕ್ಕೆ ಒಂದು ಮಾತು ತಿಳಿಸಿ, ಅತಿ ಆಳದ ಜಾಗದಲ್ಲಿ ಒಂದು ಕೊಳವೆ ಮಣ್ಣು ತೆಗೆಸಿಡಿ. ಹುಣಸೂರಿನಿಂದ ಮೈಸೂರು ದೂರವೇನಲ್ಲ, ಬರೀ 45 ಕಿಲೋಮೀಟರು.