ಜೀತ, ಕರಾರು, ಗುಲಾಮಗಿರಿ: ವರ್ಜೀನಿಯದ ಇತಿಹಾಸದಲ್ಲಿ ಪದಗಳ ವಿಚಾರ

ಆರಂಭಕಾಲದ ಅಮೆರಿಕೆಯ ಇತಿಹಾಸವನ್ನು ಬೋಧಿಸುವ ತರಗತಿಗಳಲ್ಲಿ ಪಾರಿಭಾಷಿಕ ಪದಗಳ ಪಟ್ಟಿಯೊಂದು ಕೈಯಿಂದ ಕೈಗೆ ಸಾಗುತ್ತ ಬಂದಿದೆ. ಸನ್ನದು, ವಸಾಹತು, ಹೆಡ್‌ರೈಟ್, ಇಂಡೆಂಚರ್, ಗುಲಾಮಗಿರಿ, ಮಹಾಜಾಗೃತಿ, ಹಿತಕರ ಉಪೇಕ್ಷೆ, ಹೀಗೆ ಇಪ್ಪತ್ತು ಇಪ್ಪತ್ತೈದು ಪದಗಳು. ಒಂದೊಂದಕ್ಕೂ ಎರಡು ಪಂಕ್ತಿಯ ಅರ್ಥ. ವಿದ್ಯಾರ್ಥಿಗೆ ಅದನ್ನು ಕಂಠಪಾಠ ಮಾಡುವುದು ಸುಲಭ, ಅಧ್ಯಾಪಕನಿಗೆ ಅಂಕ ಹಾಕುವುದು ಇನ್ನೂ ಸುಲಭ. ಪಟ್ಟಿಯ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲೊಂದು ಮೂಲದೋಷವಿದೆ: ಪದಗಳಿಗೆ ಅರ್ಥವನ್ನು ಕೊಟ್ಟಿದೆ, ಕಾಲವನ್ನು ಕೊಟ್ಟಿಲ್ಲ.

ಮೊದಲು ಒಂದು ಚಿಕ್ಕ ನಿದರ್ಶನ. ‘ಹಿತಕರ ಉಪೇಕ್ಷೆ’ ಎಂಬುದು ವಾಲ್‌ಪೋಲನ ಆಡಳಿತನೀತಿಗೆ ಅಂದೇ ಇದ್ದ ಹೆಸರೆಂಬಂತೆ ಪಟ್ಟಿಯಲ್ಲಿ ಕುಳಿತಿದೆ. ಆ ಮಾತು ಎಡ್ಮಂಡ್ ಬರ್ಕನು 1775ರ ಮಾರ್ಚಿಯಲ್ಲಿ ಪಾರ್ಲಿಮೆಂಟಿನಲ್ಲಿ ಆಡಿದ್ದು. ಅಷ್ಟು ಹೊತ್ತಿಗೆ ವಾಲ್‌ಪೋಲನು ಅಧಿಕಾರವನ್ನು ಬಿಟ್ಟು ಮೂವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದುವು. ‘ಮಹಾಜಾಗೃತಿ’ಯೂ ಹೀಗೆಯೇ, ಆ ಹೆಸರು ನೆಲೆಗೊಂಡುದು 1842ರಲ್ಲಿ ಜೋಸೆಫ್ ಟ್ರೇಸಿಯು ಬರೆದ ಗ್ರಂಥದಿಂದ, ಎಂದರೆ ಸುಮಾರು ನೂರು ವರ್ಷಗಳ ಅನಂತರ. ಇವು ಸಣ್ಣ ತಪ್ಪುಗಳು, ತಿದ್ದಿಕೊಳ್ಳಬಹುದು. ಇಂಡೆಂಚರ್ ಮತ್ತು ಗುಲಾಮಗಿರಿಗಳ ವಿಷಯದಲ್ಲಿ ಆಗುವ ಹಾನಿ ಇದಕ್ಕಿಂತ ದೊಡ್ಡದು.

ಪಟ್ಟಿಯು ಇಂಡೆಂಚರ್ ಎಂಬುದಕ್ಕೆ ‘ಜೀತ’ ಎಂದು ಅರ್ಥ ಕೊಡುತ್ತದೆ. ಹಳಗನ್ನಡದಲ್ಲಿ ಜೀತವೆಂದರೆ ಒಡೆಯನಿಂದ ಭಟನಿಗೆ ಸಲ್ಲುವ ಸಂಬಳ, ಜೀವನಾಧಾರ. ಕಾಲಕ್ರಮದಲ್ಲಿ ಅದೇ ಮಾತು ಸಾಲಕ್ಕೆ ಸಿಕ್ಕಿ ದುಡಿಯುವವನ ಅವಸ್ಥೆಗೆ ಇಳಿಯಿತು. ತಂದೆಯ ಸಾಲ ಮಗನ ಹೆಗಲಿಗೂ ಬರುತ್ತಿತ್ತು. 1976ರ ಶಾಸನವು ನಿಷೇಧಿಸಿದ್ದು ಈ ಪದ್ಧತಿಯನ್ನು. ನಮ್ಮ ವಿದ್ಯಾರ್ಥಿಯು ‘ಜೀತ’ವೆಂದು ಓದಿದೊಡನೆ ಅವನ ಮನಸ್ಸಿಗೆ ಬರುವುದು ಕೊನೆಯೇ ಕಾಣದ ದುಡಿತ. ಇಂಡೆಂಚರಿನ ತಿರುಳಾದರೋ ಅದಕ್ಕೊಂದು ಕೊನೆಯಿದ್ದುದು. ಹಡಗಿನ ವೆಚ್ಚವನ್ನು ಕೊಡಲಾರದ ಇಂಗ್ಲಿಷ್ ತರುಣನು ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷಗಳ ದುಡಿಮೆಯನ್ನು ಬರೆದುಕೊಡುತ್ತಿದ್ದನು. ಒಂದೇ ಹಾಳೆಯಲ್ಲಿ ಎರಡು ಪ್ರತಿ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ ಇಬ್ಬರೂ ಒಂದೊಂದನ್ನು ಇಟ್ಟುಕೊಳ್ಳುವ ಪದ್ಧತಿಯಿಂದಲೇ ಆ ಪತ್ರಕ್ಕೆ ಆ ಹೆಸರು ಬಂದಿತು. ಒಡೆಯನು ಅವನನ್ನು ಇನ್ನೊಬ್ಬನಿಗೆ ಮಾರಬಹುದಾಗಿತ್ತು, ಹೊಡೆಸಬಹುದಾಗಿತ್ತು. ಅವಧಿ ಮುಗಿಯುವ ಮೊದಲೇ ಜ್ವರಕ್ಕೆ ಬಲಿಯಾದವರೂ ಅನೇಕರು. ಆದರೂ ಬದುಕಿ ಉಳಿದವನಿಗೆ ಬಿಡುಗಡೆಯ ದಿನವೊಂದಿತ್ತು. ಆದಕಾರಣ ‘ಕರಾರಿನ ಆಳು’ ಎಂಬುದೇ ಸಮಂಜಸವೆಂದು ನಮ್ಮ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಜಿ, ಮಾರಿಷಸ್‌ಗಳಿಗೆ ಹೋದ ಭಾರತೀಯ ಕೂಲಿಕಾರರು ‘ಅಗ್ರಿಮೆಂಟ್’ ಎಂಬುದನ್ನು ‘ಗಿರ್ಮಿಟ್’ ಎಂದು ತಿರುಚಿಕೊಂಡರು. ಅವರ ನಾಲಗೆಯೂ ಹಿಡಿದುದು ಕರಾರನ್ನೇ ಎಂಬುದು ಗಮನಾರ್ಹ.

ಇನ್ನು ಗುಲಾಮಗಿರಿ. ‘1619ರಲ್ಲಿ ವರ್ಜೀನಿಯದಲ್ಲಿ ಆರಂಭವಾಯಿತು’ ಎಂದು ಪಟ್ಟಿ ಹೇಳುತ್ತದೆ. ಆ ವರ್ಷದ ಆಗಸ್ಟಿನಲ್ಲಿ ಇಪ್ಪತ್ತಕ್ಕೆ ಮೇಲ್ಪಟ್ಟು ಆಫ್ರಿಕನರನ್ನು ಪಾಯಿಂಟ್ ಕಂಫರ್ಟಿನಲ್ಲಿ ಇಳಿಸಿ, ಆಹಾರಸಾಮಗ್ರಿಗೆ ಬದಲಾಗಿ ಮಾರಿದುದು ನಿಜ. ಆದರೆ ಅವರು ಯಾವ ಸ್ಥಾನಕ್ಕೆ ಸೇರಿದವರೆಂದು ಹೇಳುವ ಕಾನೂನು ಆಗ ವರ್ಜೀನಿಯದಲ್ಲಿ ಇರಲಿಲ್ಲ. ಅದನ್ನು ಕಟ್ಟಲು ಎರಡು ತಲೆಮಾರು ಹಿಡಿಯಿತು. ಕಟ್ಟಿದ ಬಗೆಯನ್ನು ದಾಖಲೆಗಳಲ್ಲಿ ಹೆಜ್ಜೆಹೆಜ್ಜೆಯಾಗಿ ಕಾಣಬಹುದು.

1640ರಲ್ಲಿ ಮೂವರು ಆಳುಗಳು ಒಡೆಯನನ್ನು ಬಿಟ್ಟು ಮೇರಿಲೆಂಡಿಗೆ ಓಡಿಹೋಗಿ ಸಿಕ್ಕಿಬಿದ್ದರು. ಒಬ್ಬನು ಡಚ್ಚನು, ಒಬ್ಬನು ಸ್ಕಾಟನು, ಮೂರನೆಯವನು ಜಾನ್ ಪಂಚ್ ಎಂಬ ಆಫ್ರಿಕನನು. ಮೂವರಿಗೂ ಮೂವತ್ತು ಮೂವತ್ತು ಛಡಿಯೇಟು. ಮೊದಲಿನ ಇಬ್ಬರಿಗೆ ಒಡೆಯನ ಬಳಿ ಒಂದು ವರ್ಷ, ವಸಾಹತಿಗೆ ಮೂರು ವರ್ಷ ಹೆಚ್ಚಿನ ದುಡಿಮೆ. ಪಂಚನಿಗೆ ಬದುಕಿರುವ ತನಕ ದುಡಿಮೆ. ಅಪರಾಧ ಒಂದೇ, ಓಡಿದ ದಾರಿಯೂ ಒಂದೇ. ತೀರ್ಪಿನಲ್ಲಿ ಅವನನ್ನು ಕರೆದುದು ಆಳೆಂದೇ. 1661ರ ಶಾಸನವು ಅವಧಿಯನ್ನು ಹೆಚ್ಚಿಸಿ ದಂಡ ತೀರಿಸಲಾರದ ನೀಗ್ರೋಗಳೊಡನೆ ಓಡಿಹೋಗುವ ಇಂಗ್ಲಿಷ್ ಆಳು ಅವರ ಪಾಲನ್ನೂ ತಾನೇ ದುಡಿದು ತೀರಿಸಬೇಕೆಂದಿತು. ಆಜೀವ ದಾಸ್ಯವು ಹೀಗೆ ಹಿಂಬಾಗಿಲಿನಿಂದ ಕಾನೂನನ್ನು ಪ್ರವೇಶಿಸಿತು. ಮರುವರ್ಷವೇ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂಬ ಕಟ್ಟಳೆ ಹೊರಟಿತು. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಮಗುವು ತಂದೆಯನ್ನು ಅನುಸರಿಸುತ್ತಿತ್ತು. ಅದನ್ನು ತಲೆಕೆಳಗು ಮಾಡಿದುದರಿಂದ ಒಡೆಯನೇ ಗುಲಾಮಸ್ತ್ರೀಯಲ್ಲಿ ಪಡೆದ ಮಗುವೂ ಅವನ ಸೊತ್ತಾಯಿತು. 1667ರಲ್ಲಿ, ದೀಕ್ಷಾಸ್ನಾನದಿಂದ ದಾಸ್ಯವು ಕಳೆಯುವುದಿಲ್ಲವೆಂದು ಸಾರಿದರು. 1705ರ ಸಂಹಿತೆಯು ಗುಲಾಮರನ್ನು ಸ್ಥಿರಾಸ್ತಿಯ ಲೆಕ್ಕಕ್ಕೆ ಸೇರಿಸಿತು.

ನಡುವೆ ಬೇರೆ ಬಗೆಯ ಬದುಕೂ ಸಾಧ್ಯವಾಗಿತ್ತು. 1621ರಲ್ಲಿ ಬಂದ ಆಂಟನಿ ಜಾನ್‌ಸನ್ ಎಂಬ ಆಫ್ರಿಕನನು ಬಿಡುಗಡೆ ಹೊಂದಿ, 1651ರಲ್ಲಿ 250 ಎಕರೆಗೆ ಹಕ್ಕುದಾರನಾದನು. ಇದನ್ನು ಓದಿ ವಿದ್ಯಾರ್ಥಿಯು ಸಂತೋಷಪಡುವಷ್ಟರಲ್ಲಿ ಮುಂದಿನ ದಾಖಲೆಯನ್ನೂ ಅವನ ಮುಂದಿಡಬೇಕು: 1655ರಲ್ಲಿ ಜಾನ್ ಕೇಸರ್ ಎಂಬ ಆಫ್ರಿಕನನನ್ನು ನ್ಯಾಯಾಲಯವು ಇದೇ ಜಾನ್‌ಸನ್ನನಿಗೆ ಆಜೀವ ಆಳಾಗಿ ಒಪ್ಪಿಸಿತು.

ಈ ವಿಷಯದಲ್ಲಿ ವಿದ್ವಾಂಸರ ವಾದವೂ ಬಹುಪಾಲು ಪದದ ಸುತ್ತಲೇ ನಡೆದಿದೆ. 1950ರಲ್ಲಿ ಹ್ಯಾಂಡ್ಲಿನ್ ದಂಪತಿಗಳು ಮೊದಲ ಆಫ್ರಿಕನರು ಇತರ ಆಳುಗಳಂತೆಯೇ ಇದ್ದರೆಂದೂ ಗುಲಾಮಗಿರಿಯು ಅನಂತರ ಬಂದಿತೆಂದೂ ವಾದಿಸಿದರು. 1959ರಲ್ಲಿ ಕಾರ್ಲ್ ಡೆಗ್ಲರ್ ಇದನ್ನು ಖಂಡಿಸಿ, ಭೇದಭಾವವು ಮೊದಲಿನಿಂದಲೂ ಇದ್ದಿತೆಂದರು. 1968ರಲ್ಲಿ ವಿಂತ್ರಾಪ್ ಜಾರ್ಡನ್ ಎರಡೂ ಒಂದನ್ನೊಂದು ಬೆಳೆಸಿದುವೆಂದು ತೋರಿಸಿದರು. ನಮಗೆ ಜಾರ್ಡನ್ನರ ಮಾತು ಹೆಚ್ಚು ಒಪ್ಪಿಗೆಯಾಗುತ್ತದೆ. ‘ಆಳು’ ಎಂಬ ಪದವು ಕಡತದಲ್ಲಿ ಕಂಡಮಾತ್ರಕ್ಕೆ ಸಮಾನತೆಯನ್ನು ಊಹಿಸಿದುದು ಹ್ಯಾಂಡ್ಲಿನ್ ದಂಪತಿಗಳ ವಾದದ ದುರ್ಬಲ ಭಾಗ. ಪಂಚನ ತೀರ್ಪೊಂದೇ ಸಾಕು: ಪದ ಅದೇ ಉಳಿದು ಒಳಗಿನ ಅರ್ಥ ಮಾತ್ರ ಬದಲಾಗಬಲ್ಲುದು. ಆದರೆ ಭೇದಭಾವವಿದ್ದುದರಿಂದಲೇ 1705ರ ಸಂಹಿತೆಯು ಅನಿವಾರ್ಯವಾಗಿತ್ತೆಂದೂ ನಾವು ಒಪ್ಪೆವು. ಒಂದೊಂದು ಶಾಸನವನ್ನೂ ಕೆಲವು ಭೂಮಾಲಿಕರು ಸಭೆ ಸೇರಿ, ಚರ್ಚಿಸಿ, ಮತ ಹಾಕಿಯೇ ಮಾಡಿದರು. ಅವರ ಆ ಪ್ರತಿನಿಧಿಸಭೆಯು ಜೇಮ್ಸ್‌ಟೌನಿನಲ್ಲಿ ಮೊದಲು ಕೂಡಿದುದೂ 1619ರಲ್ಲಿಯೇ. ಪಟ್ಟಿಯಲ್ಲಿ ‘ಪ್ರಾತಿನಿಧ್ಯ’ವು ಬೇರೊಂದು ಪುಟದಲ್ಲಿದೆ.

ಬರುವ ವರ್ಷ ನಮ್ಮ ತರಗತಿಗಳಲ್ಲಿ ಪದಗಳ ಅರ್ಥವನ್ನು ಕೇಳುವ ಪ್ರಶ್ನೆಯನ್ನು ಕೈಬಿಡಲು ಉದ್ದೇಶಿಸಿದ್ದೇವೆ. ಅದಕ್ಕೆ ಬದಲು 1640ರ ತೀರ್ಪಿನ ಸಾರಾಂಶವನ್ನು ಕೊಟ್ಟು, ಪಟ್ಟಿಯಲ್ಲಿರುವ ಯಾವ ಪದವು ಜಾನ್ ಪಂಚನಿಗೆ ತೀರ್ಪಿನ ಹಿಂದಿನ ದಿನ ಹೊಂದುತ್ತಿತ್ತು, ಮರುದಿನ ಯಾವುದು ಹೊಂದುತ್ತದೆ ಎಂದು ಕೇಳುವೆವು.